ಡಿಪಾಸಿಟ್ ಬಿಟ್ಟರೆ ಮುಗೀತು ಅನ್ನೋರ ಮಾತು ಕೇಳಬೇಡಿ: ಟೊರೊಂಟೊದಲ್ಲಿ ಕಾಂಡೋ ಬುಕ್ ಮಾಡಿರೋರಿಗೆ

"ಡಿಪಾಸಿಟ್ ಹೋದ್ರೆ ಹೋಗ್ಲಿ, ಅಲ್ಲಿಗೆ ಮುಗೀತಲ್ಲ."

ಟೊರೊಂಟೊ, ಮಿಸ್ಸಿಸಾಗಾ, ಬ್ರಾಂಪ್ಟನ್ ಕಡೆ ಪಾಯ ತೋಡೋಕೂ ಮುಂಚೆ ಕಾಂಡೋ (ಇಲ್ಲಿನ ಫ್ಲಾಟ್) ಬುಕ್ ಮಾಡಿ, ಈಗ ಕ್ಲೋಸಿಂಗ್‌ಗೆ, ಅಂದ್ರೆ ಬಾಕಿ ಪೂರ್ತಿ ಕಟ್ಟಿ ಮನೆ ಹೆಸರಿಗೆ ಮಾಡಿಸ್ಕೊಳ್ಳೋ ದಿನಕ್ಕೆ, ದುಡ್ಡು ಹೊಂದಿಸೋಕೆ ಒದ್ದಾಡ್ತಿರೋ ನಮ್ಮ ಜನರ ಬಾಯಲ್ಲಿ ಈ ಮಾತು ಈಗಲೂ ಕೇಳ್ತೀನಿ. ನಾವೂ ಇದನ್ನೇ ನಂಬಿದ್ವಿ. ಸುಳ್ಳು. ಅಲ್ಲಿಗೆ ಮುಗಿಯಲ್ಲ. ಡಿಪಾಸಿಟ್ ಪೂರ್ತಿ ಹೋಗತ್ತೆ, ಅದಾದ ಮೇಲೆ ಬಿಲ್ಡರ್ ನಿಮ್ಮ ಮೇಲೆ ದಾವೆ ಹಾಕ್ತಾನೆ, ಆ ದಾವೆ ಬಹಳ ಸಲ ಗೆಲ್ತಾನೆ ಕೂಡ.

ಯಾವ ಕಟ್ಟಡ, ಯಾವ ಬಿಲ್ಡರ್ ಅಂತ ಬರೆಯಲ್ಲ. ಲಾಯರ್ ಬೇಡ ಅಂದಿದ್ದಾರೆ, ನಾಚಿಕೆಯೂ ಇದೆ. ನಮ್ಮ ಮನೆ ಗೋಳು ನಿಮಗೆ ಬೇಡ, ಲೆಕ್ಕ ನೋಡಿ. ಅಂಕಿಗಳನ್ನ ಸುಲಭಕ್ಕೆ ದುಂಡಗೆ ಮಾಡಿದ್ದೀನಿ.

ಈ ತಪ್ಪು ನಂಬಿಕೆ ಊರಿಂದಲೇ ಬಂದದ್ದು ಅನ್ಸತ್ತೆ. ಬೆಂಗಳೂರಲ್ಲಿ ಫ್ಲಾಟ್ ಬುಕ್ ಮಾಡಿ ಆಮೇಲೆ ಬೇಡ ಅಂದ್ರೆ, ರೇರಾ ಮಾದರಿ ಅಗ್ರಿಮೆಂಟ್ ಪ್ರಕಾರ ಬಿಲ್ಡರ್ ಬುಕಿಂಗ್ ಹಣ ಹಿಡ್ಕೊಂಡು ಉಳಿದದ್ದು ವಾಪಸ್ ಕೊಡಬೇಕು. ಕೊಡೋಕೆ ಚಪ್ಪಲಿ ಸವೆಸ್ತಾರೆ, ಅದು ಬೇರೆ ಮಾತು. ಆದರೆ "ಮಾರ್ಕೆಟ್ ಬಿತ್ತು, ನಮಗಾದ ನಷ್ಟ ನಿಮ್ಮ ಸಂಬಳದಿಂದ ಕಟ್ಟಿ" ಅಂತ ಕೊಳ್ಳೋಕೆ ಬಂದವರನ್ನೇ ಕೋರ್ಟಿಗೆ ಎಳೆಯೋದು ನಮಗೆ ಗೊತ್ತಿದ್ದ ವ್ಯವಹಾರ ಅಲ್ಲ. ಟೊರೊಂಟೊ ಇರೋ ಒಂಟಾರಿಯೋ ಪ್ರಾಂತ್ಯದಲ್ಲಿ ಅದು ಮಾಮೂಲಿ. ನೀವು ಸಹಿ ಹಾಕಿದ್ದು ಬುಕಿಂಗ್ ಫಾರಂ ಅಲ್ಲ, ಪೂರ್ತಿ ಬೆಲೆಗೆ ಕೊಳ್ತೀನಿ ಅನ್ನೋ ಖರೀದಿ ಕರಾರು. ನಿಮ್ಮ ಆ ಸಹಿ ತೋರಿಸಿಯೇ ಬಿಲ್ಡರ್ ಕಟ್ಟೋಕೆ ಬ್ಯಾಂಕ್ ಸಾಲ ತಂದಿರೋದು. ಅದಕ್ಕೇ ಬಿಡಲ್ಲ.

ಈಗ ಲೆಕ್ಕ. 2021ರ ಕೊನೆಯಲ್ಲಿ ಸಹಿ ಹಾಕಿದ ಒಂದು ಕಾಂಡೋ, ಬೆಲೆ 8 ಲಕ್ಷ ಕೆನಡಾ ಡಾಲರ್. ಆಗ ಬ್ಯಾಂಕ್ ಆಫ್ ಕೆನಡಾ ಬಡ್ಡಿ 0.25%. 2022ರ ಮಾರ್ಚಿನಿಂದ ಏರೋಕೆ ಶುರುವಾಗಿ 2023ರ ಜುಲೈಗೆ 5% ಮುಟ್ಟಿತು. 2024ರ ಜೂನ್‌ನಿಂದ ಇಳಿಸ್ತಾ ಬಂದರೂ ಕಾಂಡೋ ಬೆಲೆ ಮೇಲೇಳಲಿಲ್ಲ. ಡಿಪಾಸಿಟ್ ಕಂತು ಕಂತಾಗಿ 20%, ಅಂದ್ರೆ 1,60,000 ಕಟ್ಟಾಗಿದೆ. ಬಾಕಿ 6,40,000. ಎಲ್ಲರೂ ಅಂದ್ಕೊಳ್ಳೋದು ಬಾಕಿ 80% ಬ್ಯಾಂಕ್ ಕೊಡತ್ತೆ ಅಂತ. ಬ್ಯಾಂಕ್ ಕೊಡೋದು ಅಗ್ರಿಮೆಂಟ್ ಬೆಲೆಯ 80% ಅಲ್ಲ, ಅವತ್ತಿನ ಮೌಲ್ಯಮಾಪನದ 80%. ಅಪ್ರೈಸರ್ ಬಂದು 6,40,000 ಅಂತ ಬರೆದರೆ ಸಿಗೋ ಸಾಲ 5,12,000. ಅಲ್ಲೇ 1,28,000 ಕೈಯಿಂದ ಹಾಕಬೇಕು. ಅದೂ ನಿಮ್ಮ ಆದಾಯ ಸ್ಟ್ರೆಸ್ ಟೆಸ್ಟ್ ಪಾಸಾದ್ರೆ: ನಿಮ್ಮ ಬಡ್ಡಿ ದರಕ್ಕೆ 2% ಸೇರಿಸಿದ್ದು ಅಥವಾ 5.25%, ಇದರಲ್ಲಿ ಯಾವುದು ಜಾಸ್ತಿಯೋ ಆ ದರದಲ್ಲಿ ಕಂತು ಕಟ್ಟೋ ಶಕ್ತಿ ಇದೆಯಾ ಅಂತ ನೋಡ್ತಾರೆ. 2021ರಲ್ಲಿ ಪಾಸಾದವರು ಈಗ ಫೇಲಾಗ್ತಿರೋದು ಇಲ್ಲಿ. ಸಹಿ ಹಾಕುವಾಗ ಕೊಟ್ಟ ಬ್ಯಾಂಕಿನ ಮುಂಗಡ ಒಪ್ಪಿಗೆ ಪತ್ರ ಮೂರು ನಾಲ್ಕು ತಿಂಗಳಲ್ಲಿ ರದ್ದಿ ಕಾಗದ.

ಇನ್ನೂ ಇದೆ. ಟೊರೊಂಟೊ ನಗರದೊಳಗೆ ಆದ್ರೆ ನೋಂದಣಿ ತೆರಿಗೆ ಎರಡು ಸಲ, ಪ್ರಾಂತ್ಯಕ್ಕೊಂದು, ನಗರಕ್ಕೊಂದು: 8 ಲಕ್ಷಕ್ಕೆ 12,475 ಮತ್ತೆ 12,475, ಒಟ್ಟು 24,950. ಮೊದಲ ಮನೆ ಕೊಳ್ಳೋರಿಗೆ ಪ್ರಾಂತ್ಯದಿಂದ 4,000, ನಗರದಿಂದ 4,475 ಮಾಫಿ. ಬಾಡಿಗೆಗೆ ಕೊಡೋಕೆ ಕೊಂಡಿದ್ರೆ ಎಚ್‌ಎಸ್‌ಟಿ (ಮಾರಾಟ ತೆರಿಗೆ) ರಿಯಾಯಿತಿ ಬಿಲ್ಡರ್ ಲೆಕ್ಕದಲ್ಲಿ ಸಿಗಲ್ಲ, ಕ್ಲೋಸಿಂಗ್ ದಿನ 24,000ದವರೆಗೆ ಕಟ್ಟಿ, ಒಂದು ವರ್ಷದ ಬಾಡಿಗೆ ಕರಾರು ತೋರಿಸಿ ಆಮೇಲೆ ಸರ್ಕಾರದಿಂದ ಕೇಳಿ ತಗೋಬೇಕು. "ಬೆಲೆಯಲ್ಲೇ ಎಚ್‌ಎಸ್‌ಟಿ ಸೇರಿದೆ" ಅಂತ ಮಾರಾಟದ ಕಚೇರಿಯಲ್ಲಿ ಹೇಳಿದ್ದು ಸುಳ್ಳಲ್ಲ, ಅರ್ಧ ನಿಜ. ಅರ್ಧ ನಿಜಕ್ಕೆ ಕೇಸು ಹಾಕೋಕಾಗಲ್ಲ. ಮೀಟರ್, ಡೆವಲಪ್‌ಮೆಂಟ್ ಚಾರ್ಜು ಅಂತ ಬೇರೆ ಪಟ್ಟಿ ಬರತ್ತೆ. ಅದಕ್ಕೆ ಮೊದಲೇ ಗರಿಷ್ಠ ಮಿತಿ ಬರೆಸಿಲ್ಲದಿದ್ರೆ ಅವರು ಬರೆದದ್ದೇ ಬಿಲ್ಲು. ಆ ಬಿಲ್ಲು ಬಿಟ್ಟೇ, ಬಾಡಿಗೆಗೆ ಅಂತ ಕೊಂಡವರು ಕೈಯಿಂದ ಹಾಕಬೇಕಾದ್ದು 1,28,000, 24,950, 24,000 ಸೇರಿ 1,76,950 ಆಯ್ತು.

ಇದಕ್ಕೂ ಮುಂಚೆ ಇಂಟರಿಮ್ ಆಕ್ಯುಪೆನ್ಸಿ ಅನ್ನೋ ಶಿಕ್ಷೆ. ಕೀಲಿ ಕೊಡ್ತಾರೆ, ಮನೆ ನಿಮ್ಮ ಹೆಸರಿಗಲ್ಲ, ಯಾಕಂದ್ರೆ ಕಟ್ಟಡ ಇನ್ನೂ ಕಾಂಡೋ ಅಂತ ನೋಂದಣಿ ಆಗಿಲ್ಲ. ಅಲ್ಲೀತನಕ ಪ್ರತಿ ತಿಂಗಳು ಮೂರು ಬಾಬ್ತು: ಬಾಕಿ ಹಣದ ಮೇಲಿನ ಬಡ್ಡಿ, ಅಂದಾಜು ಆಸ್ತಿ ತೆರಿಗೆ, ಅಂದಾಜು ಮೇಂಟೆನೆನ್ಸ್. 6,40,000ಕ್ಕೆ 6% ಅಂದ್ರೂ ಬಡ್ಡಿ ಒಂದೇ ತಿಂಗಳಿಗೆ 3,200. ಇದರಲ್ಲಿ ಬಿಡಿಗಾಸೂ ಅಸಲಿಗೆ ಹೋಗಲ್ಲ. ಬಾಡಿಗೆಗೆ ಬಿಡೋಣ ಅಂದ್ರೆ ಬಿಲ್ಡರ್ ಲಿಖಿತ ಒಪ್ಪಿಗೆ ಬೇಕು, ಒಪ್ಪಿಗೆಗೂ ಫೀಸು. ಡಿಪಾಸಿಟ್‌ನ ಕೊನೇ 5% ಕೇಳೋದೂ ಬಹಳ ಕಡೆ ಆಕ್ಯುಪೆನ್ಸಿ ದಿನವೇ. ಕ್ಲೋಸ್ ಮಾಡೋಕೆ ಆಗಲ್ಲ ಅಂತ ಗೊತ್ತಿದ್ದೂ ಆ 40,000 ಚೆಕ್ ಬರೆದು ಕೊಟ್ಟವರಿದ್ದಾರೆ. ಇದ್ದಾರೆ ಏನು, ನಾವೇ. ಆ ಚೆಕ್ ಕೊಡೋಕೆ ಮುಂಚೆ ಲಾಯರ್ ಹತ್ತಿರ ಹೋಗಬೇಕಿತ್ತು.

ಈಗ ಬಿಲ್ಡರ್ ಕಡೆಯವರ ಉತ್ತರಗಳು. ಇವನ್ನ ಓದಿದ್ರೆ ಈಗಲೂ ಮೈ ಉರಿಯತ್ತೆ.

ಬೆಲೆ ಸ್ವಲ್ಪ ಇಳಿಸಿ ಅಂತ ಕೇಳಿದ್ದಕ್ಕೆ: "ಬೆಲೆ ಏರಿದ್ದರೆ ನೀವು ನಮಗೆ ಹೆಚ್ಚು ಕೊಡ್ತಿದ್ರಾ?" ಇದಕ್ಕೆ ಉತ್ತರ ಇಲ್ಲ, ಅದೇ ಸಂಕಟ.

ಗಡುವು ಮುಂದಕ್ಕೆ ಹಾಕಿ ಅಂದಿದ್ದಕ್ಕೆ: ಕೊಡ್ತೀವಿ, ವಿಸ್ತರಣಾ ಶುಲ್ಕ ಕೊಡಿ, ದಿನದ ಬಡ್ಡಿ ಕೊಡಿ, ಅವರ ಲಾಯರ್ ಫೀಸೂ ನೀವೇ ಕೊಡಿ.

ಅಸೈನ್‌ಮೆಂಟ್ ಮಾಡಿ ಬೇರೆಯವರಿಗೆ ಮಾರ್ತೀವಿ ಅಂದಿದ್ದಕ್ಕೆ: ಮಾರಿ, ಒಪ್ಪಿಗೆಗೆ ಶುಲ್ಕ ಇದೆ, ಆದರೆ ಎಂಎಲ್‌ಎಸ್‌ನಲ್ಲಿ (ಏಜೆಂಟರ ಮಾರಾಟದ ಪಟ್ಟಿಯಲ್ಲಿ) ಹಾಕೋ ಹಾಗಿಲ್ಲ. ಮತ್ತೆ ಯಾರಿಗೆ ಗೊತ್ತಾಗಬೇಕು ಮಾರಾಟಕ್ಕಿದೆ ಅಂತ? ಇನ್ನೊಂದು, ಅಸೈನ್‌ಮೆಂಟ್ ಆದ ಮೇಲೂ ಹೊಸಬರು ಕ್ಲೋಸ್ ಮಾಡದಿದ್ರೆ ಜವಾಬ್ದಾರಿ ತಿರುಗಿ ನಿಮ್ಮ ತಲೆಗೇ ಬರೋ ಹಾಗೆ ಸಾಮಾನ್ಯವಾಗಿ ಬರೆದಿರ್ತಾರೆ.

ಕೊನೆಗೆ ಫೋನಿನಲ್ಲಿ, ಬಹಳ ಮರ್ಯಾದೆಯಿಂದ: "ಆಗಲ್ಲ ಅಂದ್ರೆ ಡಿಪಾಸಿಟ್ ಹೋಗತ್ತೆ ಸರ್, ಅಷ್ಟೇ." ಅಷ್ಟೇ. ಆ "ಅಷ್ಟೇ" ನಂಬಿ ಕೂತದ್ದು. ಏಜೆಂಟ್ ಕೂಡ ಹೌದು ಅಂದ. ಅವನ ಕಮಿಷನ್ ಕೊಡೋದು ಬಿಲ್ಡರ್ ಅನ್ನೋದು ಅವತ್ತು ಯಾರಿಗೂ ನೆನಪಾಗಲಿಲ್ಲ. ಕರಾರು ರದ್ದಾಯ್ತು ಅಂತ ಪತ್ರ ಬಂತು, 1,60,000 ಹೋಯ್ತು, ಪೀಡೆ ಕಳೀತು ಅಂತ ನಿಟ್ಟುಸಿರು ಬಿಟ್ಟದ್ದೂ ಆಯ್ತು. ಎಂಟು ತಿಂಗಳು ಕಳೆದ ಮೇಲೆ ಬಾಗಿಲಿಗೆ ಬಂದದ್ದು ದಾವೆಯ ಕಾಗದ.

ಅದರಲ್ಲಿ ಏನಿರತ್ತೆ ಗೊತ್ತಾ? ಅದೇ ಮನೆ 6,10,000ಕ್ಕೆ ಮರುಮಾರಾಟ ಆಗಿದೆ ಅಂತಿಟ್ಕೊಳ್ಳಿ. ವ್ಯತ್ಯಾಸ 1,90,000. ಅದರಲ್ಲಿ ನಿಮ್ಮ ಡಿಪಾಸಿಟ್ 1,60,000 ಕಳೆದರೆ 30,000. ಅದಕ್ಕೆ ಮರುಮಾರಾಟದ ಕಮಿಷನ್ 5% ಅಂದ್ರೆ 30,500. ಆಯ್ತಾ 60,500? ಮಾರಾಟ ಆಗೋವರೆಗಿನ ತೆರಿಗೆ, ಮೇಂಟೆನೆನ್ಸ್, ಬಡ್ಡಿ, ಅವರ ಲಾಯರ್ ಖರ್ಚು ಇದರ ಮೇಲೆ. 1,60,000 ಕೈಬಿಟ್ಟ ಮೇಲೂ ಇಷ್ಟು. ಡಿಪಾಸಿಟ್ 10% ಮಾತ್ರ ಕಟ್ಟಿರೋರು ಪಾರಾದೆವು ಅಂತ ಖುಷಿ ಪಡಬೇಡಿ. ಡಿಪಾಸಿಟ್ ಕಡಿಮೆ ಇದ್ದಷ್ಟೂ ಮೇಲೆ ಕೇಳೋ ಮೊತ್ತ ಜಾಸ್ತಿ.

ಫೋನಿನಲ್ಲಿ ನೀವೇ ಅಷ್ಟೇ ಅಂದಿದ್ರಲ್ಲ ಅಂತ ಕೇಳಿದ್ರೆ ಅವರ ಲಾಯರ್ ಕೊಟ್ಟ ಉತ್ತರ ಎರಡು ಸಾಲು: ಬರವಣಿಗೆಯಲ್ಲಿ ಇಲ್ಲದ ಯಾವ ಮಾತಿಗೂ ನಮ್ಮ ಕಕ್ಷಿದಾರರು ಬದ್ಧರಲ್ಲ, ಅಗ್ರಿಮೆಂಟ್‌ನ ಆ ಕಲಂ ನೋಡಿ. ನೋಡಿದ್ವಿ. ಇದೆ.

ಅವತ್ತು ಕೇಳಬೇಕಿದ್ದದ್ದು ಒಂದೇ ಕಾಗದ: ಮ್ಯೂಚುಯಲ್ ರಿಲೀಸ್. ಡಿಪಾಸಿಟ್ ಇಟ್ಕೊಂಡು ಎರಡೂ ಕಡೆಯವರು ಮುಂದೆ ಯಾವ ಹಕ್ಕೂ ಸಾಧಿಸಲ್ಲ ಅಂತ ಇಬ್ಬರೂ ಸಹಿ ಹಾಕಿದ ಕಾಗದ. ಅದು ಕೈಯಲ್ಲಿಲ್ಲದೆ ಡಿಪಾಸಿಟ್ ಬಿಟ್ಟುಕೊಟ್ರೆ ನೀವು ಬಿಟ್ಟದ್ದು ದುಡ್ಡು, ಅವರು ಬಿಟ್ಟದ್ದು ಏನೂ ಇಲ್ಲ. ರದ್ದತಿ ಪತ್ರ ಬೇರೆ, ರಿಲೀಸ್ ಬೇರೆ. ಮತ್ತೆ ಹೇಳ್ತೀನಿ, ರದ್ದತಿ ಪತ್ರ ಬೇರೆ, ರಿಲೀಸ್ ಬೇರೆ. ಡಿಪಾಸಿಟ್ ಜೊತೆ ಇನ್ನೊಂದಿಷ್ಟು ಕೊಟ್ಟಾದ್ರೂ ರಿಲೀಸ್ ತಗೊಂಡವರು ಜಾಣರು. ಅದನ್ನ ಕೇಳೋ ಸಮಯ ಕ್ಲೋಸಿಂಗ್‌ಗೆ ಮುಂಚೆ. ತಪ್ಪಿದ ಮೇಲೆ ಚೌಕಾಸಿಗೆ ನಿಮ್ಮ ಕೈಯಲ್ಲಿ ಏನೂ ಉಳಿದಿರಲ್ಲ.

ಕೋರ್ಟಿನಲ್ಲಿ ಏನು ನಡೆಯಲ್ಲ ಅಂತಲೂ ಕೇಳಿ, ಯಾಕಂದ್ರೆ ಇದಕ್ಕೂ ದುಡ್ಡು ಸುರಿದದ್ದಾಗಿದೆ. ಮಾರ್ಕೆಟ್ ಬಿತ್ತು, ಬಡ್ಡಿ ಏರಿತು, ಬ್ಯಾಂಕ್ ಸಾಲ ಕೊಡಲಿಲ್ಲ: ಒಂದೂ ನಡೆಯಲ್ಲ. "ಏಜೆಂಟ್ ಹೀಗಂದಿದ್ದ" ಅನ್ನೋ ವಾದವೂ ನಡೆಯೋದು ಬಹಳ ಕಷ್ಟ. ಡಿಪಾಸಿಟ್ ಮುಟ್ಟುಗೋಲು ಅನ್ಯಾಯ ಅಂತ ಕೇಳಬಹುದು, ಆದರೆ ಮೊತ್ತ ವಿಪರೀತ ಅಂತ ಮಾತ್ರ ಅಲ್ಲ, ಅದನ್ನ ಇಟ್ಕೊಳ್ಳೋದು ಆತ್ಮಸಾಕ್ಷಿಗೆ ಒಪ್ಪದ್ದು ಅಂತಲೂ ತೋರಿಸಬೇಕು. ಬಿಲ್ಡರ್‌ಗೆ ನಿಜವಾಗಿ ನಷ್ಟ ಆಗಿರುವಾಗ ಅದು ಹೆಚ್ಚುಕಡಿಮೆ ನೀರಲ್ಲಿ ಹೋಮ. ಬಹಳ ಸಲ ಪೂರ್ತಿ ವಿಚಾರಣೆಯೂ ನಡೆಯಲ್ಲ, ಕಾಗದ ಪತ್ರ ನೋಡಿಯೇ ಸಮ್ಮರಿ ಜಡ್ಜ್‌ಮೆಂಟ್ ಕೊಡ್ತಾರೆ.

ಸ್ವಲ್ಪ ಜೀವ ಇರೋ ವಾದಗಳು ಮೂರು. ಒಂದು, ತಾರೀಖು. ಅಗ್ರಿಮೆಂಟ್ ಜೊತೆ ಟಾರಿಯಾನ್ (ಹೊಸ ಮನೆಗಳಿಗೆ ವಾರಂಟಿ ಕೊಡೋ ಸಂಸ್ಥೆ) ಅಡೆಂಡಮ್ ಅಂತ ಒಂದು ಅನುಬಂಧ ಇರತ್ತೆ, ಅದರಲ್ಲಿ "ಔಟ್‌ಸೈಡ್ ಆಕ್ಯುಪೆನ್ಸಿ ಡೇಟ್" ಹುಡುಕಿ. ಅಷ್ಟರೊಳಗೆ ಮನೆ ಕೊಡದಿದ್ರೆ ಆಮೇಲಿನ 30 ದಿನ ನೀವು ಕರಾರು ರದ್ದು ಮಾಡಿ ಡಿಪಾಸಿಟ್ ಬಡ್ಡಿ ಸಮೇತ ವಾಪಸ್ ಕೇಳಬಹುದು. 31ನೇ ದಿನ ಕೇಳಿದ್ರೆ ಇಲ್ಲ. ಎರಡು, ಮಟೀರಿಯಲ್ ಚೇಂಜ್. ತೋರಿಸಿದ್ದಕ್ಕೂ ಕಟ್ಟಿದ್ದಕ್ಕೂ, ಮೊದಲೇ ಗೊತ್ತಿದ್ರೆ ಯಾರೂ ಸಹಿ ಹಾಕ್ತಿರಲಿಲ್ಲ ಅನ್ನುವಷ್ಟು ವ್ಯತ್ಯಾಸ ಇರಬೇಕು. ಟೈಲ್ಸ್ ಬಣ್ಣ ಬದಲಾಯ್ತು ಅನ್ನೋದು ಸಾಲದು. ಇದಕ್ಕೂ 10 ದಿನದ ಗಡುವು. ಮೂರು, ಮರುಮಾರಾಟ. ನಷ್ಟ ಕಡಿಮೆ ಮಾಡೋಕೆ ಬಿಲ್ಡರ್ ಪ್ರಾಮಾಣಿಕವಾಗಿ ಪ್ರಯತ್ನ ಪಡಬೇಕು ಅನ್ನೋದು ಕಾನೂನು. ಯಾವ ದಿನ ಮಾರಾಟಕ್ಕೆ ಹಾಕಿದ್ರು, ಎಷ್ಟಕ್ಕೆ, ಎಷ್ಟು ಸಲ ಇಳಿಸಿದ್ರು, ಕೊಂಡವರು ಅವರ ಕಡೆಯವರೇನಾ, ಎಲ್ಲ ದಾಖಲೆ ಕೇಳಿ. ಕರಾರು ತಪ್ಪಿದ ದಿನದ ಮೌಲ್ಯಮಾಪನ ನೀವೇ ಒಂದು ಮಾಡಿಸಿ ಇಟ್ಕೊಳ್ಳಿ. ನಾವು ಮಾಡಿಸಲಿಲ್ಲ. ಈಗ ಅವರು ತಂದ ಅಂಕಿಯ ಮುಂದೆ ಇಡೋಕೆ ನಮ್ಮ ಹತ್ತಿರ ಅಂಕಿಯೇ ಇಲ್ಲ.

ಬಿಲ್ಡರೇ ಮುಳುಗಿದ್ರೆ ಅದು ಬೇರೆ ಕಥೆ. ಟೊರೊಂಟೊದ ಯಂಗ್ ಮತ್ತು ಬ್ಲೂರ್ ರಸ್ತೆ ಮೂಲೆಯ "ದಿ ಒನ್" ಕಟ್ಟಡ 2023ರ ಅಕ್ಟೋಬರ್‌ನಲ್ಲಿ ಕೋರ್ಟ್ ನೇಮಿಸಿದ ರಿಸೀವರ್ ಕೈಗೆ ಹೋದದ್ದು ಎಲ್ಲರಿಗೂ ಗೊತ್ತು. ಅಂಥ ಕಡೆ ಡಿಪಾಸಿಟ್‌ಗೆ ಟ್ರಸ್ಟ್ ಖಾತೆ, ವಿಮೆ, ಟಾರಿಯಾನ್‌ನ 20,000ದ ರಕ್ಷಣೆ ಇದೆ. ಬಿಲ್ಡರ್ ಗಟ್ಟಿಯಾಗಿ ನಿಂತು ನೀವು ಮುಳುಗಿದಾಗ ಇದ್ಯಾವುದೂ ಬರಲ್ಲ.

ದಾವೆಯ ಕಾಗದ ಬಂದ್ರೆ ಮೂಲೆಗೆ ಎಸೀಬೇಡಿ. ಒಂಟಾರಿಯೋದಲ್ಲಿ ಕೈಗೆ ಬಂದಿದ್ರೆ ಉತ್ತರಕ್ಕೆ 20 ದಿನ, ಭಾರತದಲ್ಲಿ ತಲುಪಿದ್ರೆ 60. ಸುಮ್ಮನಿದ್ರೆ ನಿಮ್ಮ ಮಾತು ಕೇಳದೇ ತೀರ್ಪು, ಆಮೇಲೆ ಸಂಬಳಕ್ಕೆ ಕೈ, ಈಗ ವಾಸ ಇರೋ ಮನೆಯ ಮೇಲೆ ಋಣಭಾರ. ಸಾಲ ಸಿಗಲಿ ಅಂತ ಅಗ್ರಿಮೆಂಟ್‌ಗೆ ಬಾಮೈದನ ಹೆಸರೋ ಸ್ನೇಹಿತನ ಹೆಸರೋ ಸೇರಿಸಿದ್ರೆ ಅವರ ಸಂಬಳಕ್ಕೂ ಅದೇ ಗತಿ. ಅರ್ಧರ್ಧ ಅಲ್ಲ, ಪೂರ್ತಿ ಮೊತ್ತಕ್ಕೆ ಒಬ್ಬೊಬ್ಬರೂ ಹೊಣೆ.

ಊರಿಂದ ಅಪ್ಪ ಸೈಟ್ ಮಾರಿ ಕಳಿಸ್ತಾರೆ ಅಂತ ಧೈರ್ಯದಲ್ಲಿರೋರಿಗೆ: ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ ಕಳಿಸಬಹುದಾದ್ದು 2,50,000 ಅಮೆರಿಕನ್ ಡಾಲರ್. 10 ಲಕ್ಷ ರೂಪಾಯಿ ಮೀರಿದ ಭಾಗಕ್ಕೆ ಬ್ಯಾಂಕ್ 20% ಟಿಸಿಎಸ್ (ಮುಂಗಡವಾಗಿ ಹಿಡಿಯೋ ತೆರಿಗೆ) ಹಿಡಿಯತ್ತೆ. ರಿಟರ್ನ್ಸ್‌ನಲ್ಲಿ ವಾಪಸ್ ಬರತ್ತೆ, ಸರಿ, ಆದರೆ ಕ್ಲೋಸಿಂಗ್ ದಿನ ಆ ದುಡ್ಡು ಕೈಯಲ್ಲಿರಲ್ಲ. ಸೈಟ್ ಮಾರೋ ಮುಂಚೆ ಇಲ್ಲಿನ ಲಾಯರ್‌ಗೆ ಒಂದು ಗಂಟೆ ಫೀಸು ಕೊಟ್ಟು ಎರಡೂ ಲೆಕ್ಕ ಹಾಕಿಸಿ: ಕ್ಲೋಸ್ ಮಾಡಿದ್ರೆ ಎಷ್ಟು ಹೋಗತ್ತೆ, ಬಿಟ್ರೆ ಎಷ್ಟು ಹೋಗತ್ತೆ. ಬಿಲ್ಡರ್ ಸೂಚಿಸಿದ ಲಾಯರ್ ಬೇಡ. ಏಜೆಂಟ್‌ನ ಸ್ನೇಹಿತ ಲಾಯರಂತೂ ಬೇಡವೇ ಬೇಡ.

ಬೆಲೆ ಇಳಿದಿದೆ ಅಂತ ಈಗ ಹೊಸದಾಗಿ ಬುಕ್ ಮಾಡ್ತಿರೋರೂ ಇದ್ದೀರಿ. ಬಿಲ್ಡರ್‌ಗೆ ಲೈಸೆನ್ಸ್ ಇದೆಯಾ, ಹಿಂದೆ ಏನಾದ್ರೂ ದಂಡ ಬಿದ್ದಿದೆಯಾ ಅಂತ ಬಿಲ್ಡರ್‌ಗಳಿಗೆ ಲೈಸೆನ್ಸ್ ಕೊಡೋ ಎಚ್‌ಸಿಆರ್‌ಎ ಸಂಸ್ಥೆಯ ಪಟ್ಟಿಯಲ್ಲಿ ನೋಡಿ. ಕಾಂಡೋ ಕಾಯ್ದೆ ಪ್ರಕಾರ ಅಗ್ರಿಮೆಂಟ್, ಡಿಸ್‌ಕ್ಲೋಷರ್ (ಯೋಜನೆಯ ವಿವರ ಪತ್ರ), ಖರೀದಿದಾರರ ಕೈಪಿಡಿ ಎಲ್ಲ ಕೈಗೆ ಬಂದ ಮೇಲೆ 10 ದಿನ ಇರತ್ತೆ. ಅಷ್ಟರೊಳಗೆ ಕಾರಣ ಹೇಳದೆ ಬರವಣಿಗೆಯಲ್ಲಿ ಬೇಡ ಅಂದ್ರೆ ಪೂರ್ತಿ ದುಡ್ಡು ವಾಪಸ್. ಡಿಸ್‌ಕ್ಲೋಷರ್ ನೂರಾರು ಪುಟ, ಯಾರೂ ಓದಲ್ಲ ಅಂತ ಅವರಿಗೂ ಗೊತ್ತು. ನಮ್ಮ ಕಡತದಲ್ಲಿ ಆ ಹತ್ತು ದಿನದ ಸೂಚನೆ ದಪ್ಪಕ್ಷರದಲ್ಲಿ ಒಂದು ಪುಟದ ತುಂಬಾ ಇದೆ. ಅದರ ಕೆಳಗೆ ನಮ್ಮಿಬ್ಬರ ಇನಿಷಿಯಲ್ಲೂ ಇದೆ.