ಬಯಲಿನಲ್ಲಿ ನೀರು ಕುದಿಸಲು: ಗ್ಯಾಸ್, ಸ್ಪಿರಿಟ್ ಅಥವಾ ಸೀಮೆಎಣ್ಣೆ?

ನೀರು ಕುದಿಸುವುದಷ್ಟೇ ಉದ್ದೇಶವಾಗಿದ್ದರೆ, ಉರಿಯನ್ನು ಬೇಕಾದಂತೆ ಹೊಂದಿಸಬಲ್ಲ, ಪಾತ್ರೆಗೆ ಮಸಿ ಹಿಡಿಸದ ಗ್ಯಾಸ್ ಡಬ್ಬಿಯ ಒಲೆಯೇ ಹೆಚ್ಚಿನವರಿಗೆ ಸೂಕ್ತವೆಂದು ನನಗೆ ತೋರುತ್ತದೆ. ಅದಕ್ಕೆ ಆಗದಿರುವುದು ಚಳಿ. ಡಬ್ಬಿಯಲ್ಲಿ ತುಂಬುವ ಸಾಮಾನ್ಯ ಬ್ಯೂಟೇನ್ ಅನಿಲ ಸೊನ್ನೆ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಆವಿಯಾಗಲು ತಿಣುಕುವುದರಿಂದ, ಹಿಮದ ಕಡೆಗೆ ಹೊರಟವರು ಸುಮಾರು −12 ಡಿಗ್ರಿಯಲ್ಲಿ ಕುದಿಯುವ ಐಸೋಬ್ಯೂಟೇನ್ ಮತ್ತು −42 ಡಿಗ್ರಿಯಲ್ಲಿ ಕುದಿಯುವ ಪ್ರೊಪೇನ್ ಬೆರೆತ ಡಬ್ಬಿಯನ್ನು ಆರಿಸಿಕೊಳ್ಳಬೇಕು. ಅದರಲ್ಲೂ ಪ್ರೊಪೇನ್ ಬೇಗನೆ ಖರ್ಚಾಗುವುದರಿಂದ ಡಬ್ಬಿ ಬರಿದಾಗುತ್ತಾ ಬಂದಂತೆ ಉರಿ ಸೊರಗುತ್ತದೆ. ಗಾಳಿಗೆ ಮರೆ ಕಟ್ಟುವಾಗ ಡಬ್ಬಿಯನ್ನು ಸುತ್ತಲೂ ಮುಚ್ಚಿದರೆ ಅದು ಕಾದು ಸಿಡಿಯಬಹುದು.

ಸ್ಪಿರಿಟ್ ಒಲೆ ಹಗುರ, ಸದ್ದಿಲ್ಲದ್ದು, ಕೆಡುವ ಭಾಗಗಳೇ ಇಲ್ಲದ್ದು. ಆದರೆ ಅದರಲ್ಲಿ ಉರಿಯುವ ಸ್ಪಿರಿಟ್, ಅಂದರೆ ಎಥನಾಲ್, ಅಷ್ಟೇ ತೂಕದ ಬ್ಯೂಟೇನ್‌ನ ಶೇ. 60ರಷ್ಟು ಶಾಖವನ್ನು ಮಾತ್ರ ಕೊಡುವುದರಿಂದ, ದಿನಗಳು ಹೆಚ್ಚಿದಂತೆ ಒಲೆಯಲ್ಲಿ ಉಳಿಸಿದ ತೂಕವನ್ನು ಇಂಧನದಲ್ಲಿ ಹೊರಬೇಕಾಗುತ್ತದೆ. ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಬೀಳುವುದೇ ಕಷ್ಟ. ಆರಿದೆಯೆಂದು ಭಾವಿಸಿ ಮತ್ತೆ ಸುರಿಯುವುದು ಅಪಾಯ.

ಪಂಪ್ ಹೊಡೆದು ಉರಿಸುವ ಸೀಮೆಎಣ್ಣೆ ಒಲೆ ಭಾರ, ಮೊದಲು ಬರ್ನರನ್ನು ಕಾಯಿಸಬೇಕು, ನಳಿಕೆ ಕಟ್ಟಿಕೊಳ್ಳುತ್ತದೆ. ಕಡು ಚಳಿಯಲ್ಲಿ ಹಿಮ ಕರಗಿಸಿ ಹಲವರಿಗೆ ನೀರು ಒದಗಿಸಬೇಕಾದಾಗ ಮಾತ್ರ ಈ ಕಷ್ಟ ಸಾರ್ಥಕ. ಯಾವುದನ್ನೇ ಕೊಂಡರೂ, ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುವ ಕಾರಣ, ಮುಚ್ಚಿದ ಟೆಂಟಿನೊಳಗೆ ಹಚ್ಚಬಾರದು.