ಭಾಷಣ ತರಬೇತಿ: ಮೂರು ದಿನ, 4,500 ರೂಪಾಯಿ

2020ರ ಡಿಸೆಂಬರಿನ ಗ್ರಾಮ ಪಂಚಾಯ್ತಿ ಚುನಾವಣೆಗೆ ನಿಲ್ಲುವ ಮೊದಲು ಶಿವಮೊಗ್ಗದ ಒಂದು ತರಬೇತಿ ಕೇಂದ್ರಕ್ಕೆ ಸೇರಿದ್ದೆ. ಮೈಕ್ ಕಂಡರೆ ಸಾಕು, ನನ್ನ ಗಂಟಲು ಒಣಗುತ್ತಿತ್ತು.

ಮೊದಲೆರಡು ದಿನ ಕೊಟ್ಟ ದುಡ್ಡಿಗೆ ಮೋಸವಿಲ್ಲ. ನನ್ನ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ನನಗೇ ಕೇಳಿಸಿದರು. ಎರಡು ನಿಮಿಷದಲ್ಲಿ ಹನ್ನೊಂದು ಸಲ 'ನಾನು' ಅಂದಿದ್ದೆ! "'ನಾವು' ಅಂತ ಹೇಳಿ ನೋಡಿ, ಕೇಳೋರು ಹತ್ರ ಬರ್ತಾರೆ" ಎಂದರು ಮೇಡಂ. ವಾಕ್ಯದ ಕೊನೆಯಲ್ಲಿ ದನಿ ನುಂಗಬಾರದು, ಚಪ್ಪಾಳೆ ನಿಲ್ಲುವವರೆಗೆ ಕಾಯಬೇಕು ಎಂಬುದನ್ನೂ ಅಲ್ಲೇ ಕಲಿತೆ.

ಬೇಸರವಾಗಿದ್ದು ಮೂರನೇ ದಿನ. ಎಲ್ಲರ ಕೈಗೂ ಒಂದೇ ಭಾಷಣದ ಜೆರಾಕ್ಸ್ ಕೊಟ್ಟರು. 'ಮನೆ ಮಗಳು', 'ಸೇವೆಗೆ ಒಂದು ಅವಕಾಶ', 'ಸರ್ವತೋಮುಖ ಅಭಿವೃದ್ಧಿ'. ಪಂಚಾಯ್ತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇರುವುದಿಲ್ಲ, ನಮ್ಮ ಮಾತೇ ನಮ್ಮ ಗುರುತು. ಎರವಲು ಮಾತನ್ನು ಊರಿನವರು ಕ್ಷಣದಲ್ಲಿ ಹಿಡಿಯುತ್ತಾರೆ. ಇದೇ ಸೀಮೆಯಲ್ಲಿ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು, ಭೂಮಾಲೀಕರ ವಿರುದ್ಧ ನಡೆದ 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಜೊತೆ ನಿಂತು, ಮರುವರ್ಷ ವಿಧಾನಸಭೆಗೆ ಗೆದ್ದವರು. ಅವರ ಮಾತಿನ ಹಿಂದೆ ಏನಿದೆಯೆಂದು ಜನಕ್ಕೆ ಗೊತ್ತಿತ್ತು.

ನಾನು ಆ ಹಾಳೆ ಮಡಚಿಟ್ಟು, ಕೆಟ್ಟುನಿಂತ ಬೋರ್‌ವೆಲ್ ಮೋಟರಿನ ಬಗ್ಗೆಯೇ ಮಾತಾಡಿದೆ. ಹೆಂಗಸರು ಕೊಡ ಇಳಿಸಿ ನಿಂತು ಕೇಳಿದರು.

ಸೇರುವವರು ದುಡ್ಡು ಕಟ್ಟುವ ಮೊದಲೇ ಕೇಳಿ: ಭಾಷಣ ನಮ್ಮ ಊರಿನ ವಿಷಯದ ಮೇಲೇ ಬರೆಸುತ್ತೀರಾ?