ಶಾಲೆಯ ಷೇರು ಪ್ರಾಜೆಕ್ಟ್‌ಗೆ ಸ್ಕ್ರೀನರ್ ಡಾಟ್ ಇನ್: ಎಲ್ಲಿ ಅನುಕೂಲ, ಎಲ್ಲಿ ಎಚ್ಚರ

ಒಂದು ಷೇರು ಆರಿಸಿ, ಎರಡು ತಿಂಗಳು ಗಮನಿಸಿ ವರದಿ ಬರೆಯಬೇಕಾದ ಹೈಸ್ಕೂಲು ಮಕ್ಕಳಿಗೆ ನಾವು ಧೈರ್ಯವಾಗಿ ಹೇಳಬಹುದಾದ ತಾಣ ಸ್ಕ್ರೀನರ್ ಡಾಟ್ ಇನ್. ಟ್ರೇಡಿಂಗ್ ಆ್ಯಪ್ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಕುಣಿಯುವ ಬೆಲೆ. ಇಲ್ಲಿ ಹಾಗಲ್ಲ, ಹತ್ತು ವರ್ಷಗಳ ಮಾರಾಟ, ಲಾಭ, ಸಾಲ, ನಗದು ಹರಿವು, ಪ್ರವರ್ತಕರ (ಕಂಪನಿ ಕಟ್ಟಿ ನಡೆಸುವವರ) ಪಾಲು ಎಲ್ಲವೂ ಒಂದೇ ಪುಟದಲ್ಲಿ ಸಿಗುತ್ತವೆ. ಪ್ರಾಜೆಕ್ಟ್‌ಗೆ ಉಚಿತ ಆವೃತ್ತಿ ಧಾರಾಳ ಸಾಕು. ಷೇರುಗಳನ್ನು ಡಿಜಿಟಲ್ ರೂಪದಲ್ಲಿ ಇಡುವ ಡಿಮ್ಯಾಟ್ ಖಾತೆಯ ಮಾತೇ ಬೇಡ. ಅಂಕಿಗಳನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಲು ಮಾತ್ರ ಲಾಗಿನ್ ಬೇಕು, ಅದಕ್ಕೆ ಅಪ್ಪ ಅಮ್ಮನ ಇಲ್ಲವೇ ಶಿಕ್ಷಕರ ಇಮೇಲ್ ಬಳಸಿ.

ಮಕ್ಕಳಿಗೆ ಗೊತ್ತಿರುವುದು ಬ್ರ್ಯಾಂಡ್, ಹುಡುಕು ಪೆಟ್ಟಿಗೆಗೆ ಬೇಕಿರುವುದು ಕಂಪನಿಯ ಹೆಸರು. ಮೊದಲ ತೊಡಕು ಬರುವುದೇ ಇಲ್ಲಿ. ಜಾಕಿ ಬನಿಯನ್ ಹಿಂದಿರುವುದು ಬೆಂಗಳೂರಿನ ಪೇಜ್ ಇಂಡಸ್ಟ್ರೀಸ್, ತನಿಷ್ಕ್ ಹಿಂದೆ ಟೈಟನ್, ಗುಡ್ ಡೇ ಬಿಸ್ಕತ್ತಿನ ಹಿಂದೆ ಬ್ರಿಟಾನಿಯಾ. ಪೊಟ್ಟಣದ ಹಿಂಬದಿಯಲ್ಲಿ ತಯಾರಕರ ಹೆಸರು ಇರುತ್ತದೆ, ಅದನ್ನು ಓದಿಕೊಂಡು ಹುಡುಕಬೇಕು. ಕೆಲವು ಹೆಸರು ಎಷ್ಟು ಹುಡುಕಿದರೂ ಸಿಗುವುದಿಲ್ಲ. ನಂದಿನಿ ಹಾಲು ಸಹಕಾರಿ ಮಹಾಮಂಡಳದ್ದು, ಮೈಸೂರು ಸ್ಯಾಂಡಲ್ ಸೋಪು ರಾಜ್ಯ ಸರ್ಕಾರದ ಕಂಪನಿಯದ್ದು. ಎರಡರ ಷೇರೂ ಪೇಟೆಯಲ್ಲಿಲ್ಲ. ಯಾಕಿಲ್ಲ ಎಂದು ವಿದ್ಯಾರ್ಥಿ ಅರ್ಧ ಪುಟ ಬರೆದರೆ ಅದಕ್ಕೂ ಅಂಕ ಕೊಡಬೇಕು ಎಂಬುದು ನಮ್ಮ ಅಭಿಪ್ರಾಯ.

ಆಯ್ಕೆಗೆ ಮೂರು ಜರಡಿ ಇಟ್ಟುಕೊಳ್ಳಿ: ಕಂಪನಿ ಏನು ಮಾರುತ್ತದೆ ಎಂದು ಒಂದು ವಾಕ್ಯದಲ್ಲಿ ಹೇಳಲು ಬರಬೇಕು, ಹತ್ತು ವರ್ಷಗಳ ಲೆಕ್ಕ ಸಿಗಬೇಕು, ಹೋಲಿಸಲು ಅದೇ ಉದ್ಯಮದ ಇನ್ನೆರಡು ಕಂಪನಿಗಳಿರಬೇಕು. ಮೂರನೆಯದಕ್ಕೆ ಪುಟದಲ್ಲೇ ಹೋಲಿಕೆಯ ಕೋಷ್ಟಕವಿದೆ. ಬ್ಯಾಂಕುಗಳನ್ನು ಈ ವಯಸ್ಸಿಗೆ ಬೇಡವೆನ್ನುತ್ತೇವೆ. ಕರ್ಣಾಟಕ ಬ್ಯಾಂಕ್, ಕೆನರಾ ಬ್ಯಾಂಕ್ ಊರಿನವರಿಗೆ ಪರಿಚಿತವೇನೋ ಹೌದು. ಆದರೆ ಅವುಗಳ ಲೆಕ್ಕದಲ್ಲಿ ಬಡ್ಡಿಯೇ ಕಚ್ಚಾ ಸಾಮಗ್ರಿ, ಜನರ ಠೇವಣಿಯೇ ಹೊಣೆ. ಬಿಸ್ಕತ್ತಿನ ಕಂಪನಿಯ ಕೋಷ್ಟಕ ಓದಿ ಕಲಿತದ್ದು ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಪುಟ ತೆರೆದ ಕೂಡಲೇ ನೋಡಬೇಕಾದದ್ದು ಲಾಭ-ನಷ್ಟದ ಕೋಷ್ಟಕ. ಎಲ್ಲವೂ ಕೋಟಿ ರೂಪಾಯಿಗಳಲ್ಲಿದೆ. ಕೋಷ್ಟಕದ ತಲೆಯ ಮೇಲೆ ಕನ್ಸಾಲಿಡೇಟೆಡ್ (ಅಂಗಸಂಸ್ಥೆಗಳೂ ಸೇರಿದ ಲೆಕ್ಕ), ಸ್ಟ್ಯಾಂಡ್‌ಅಲೋನ್ (ಆ ಕಂಪನಿಯೊಂದರದೇ ಲೆಕ್ಕ) ಎಂಬ ಎರಡು ನೋಟಗಳಿವೆ. ಟೈಟನ್‌ನಂಥ ಕಂಪನಿಗೆ ಮೊದಲನೆಯದನ್ನೇ ಬಳಸಿ, ಕ್ಯಾರಟ್‌ಲೇನ್‌ನಂಥ ಅಂಗಸಂಸ್ಥೆಯ ಲೆಕ್ಕ ಸೇರುವುದು ಅದರಲ್ಲೇ. ಒಂದು ಗುಂಪಿನ ಇಬ್ಬರು ಬೇರೆ ಬೇರೆ ನೋಟದಿಂದ ಅಂಕಿ ಎತ್ತಿದರೆ ವರದಿಯ ಕೂಡಿಕೆ ತಾಳೆಯಾಗುವುದಿಲ್ಲ. ಕೊನೆಯ ಟಿಟಿಎಂ ಕಾಲಂ ಇತ್ತೀಚಿನ ನಾಲ್ಕು ತ್ರೈಮಾಸಿಕಗಳ ಮೊತ್ತ. ಅದನ್ನು ಹಣಕಾಸು ವರ್ಷವೆಂದು ತಿಳಿದು ಬೆಳವಣಿಗೆ ಲೆಕ್ಕ ಹಾಕಬೇಡಿ.

ಮ್ಯಾಗಿ ಪ್ರೀತಿಯಿಂದ ನೆಸ್ಲೆ ಇಂಡಿಯಾ ಆರಿಸುವ ಮಕ್ಕಳು ಬಹಳ. ಅವರು ತಪ್ಪದೆ ಗಮನಿಸಬೇಕಾದ್ದೊಂದಿದೆ. ಆ ಕಂಪನಿ ಜನವರಿ-ಡಿಸೆಂಬರ್ ಲೆಕ್ಕದಿಂದ ಏಪ್ರಿಲ್-ಮಾರ್ಚ್ ಲೆಕ್ಕಕ್ಕೆ ಬದಲಾಯಿತು. ಹಾಗಾಗಿ ಮಾರ್ಚ್ 2024ರ ಕಾಲಂನಲ್ಲಿರುವುದು 15 ತಿಂಗಳ ಮಾರಾಟ. ಹಿಂದಿನ ವರ್ಷಕ್ಕೆ ಹೋಲಿಸಿದರೆ ಭಾರಿ ಜಿಗಿತ, ಮುಂದಿನ ವರ್ಷಕ್ಕೆ ಹೋಲಿಸಿದರೆ ಕುಸಿತ. ಎರಡೂ ನಿಜವಲ್ಲ. 15ರಿಂದ ಭಾಗಿಸಿ 12ರಿಂದ ಗುಣಿಸಿದರೆ ಅಂದಾಜು ಹೋಲಿಕೆಗೆ ಸಾಕು.

ತಾಣದ ದುರ್ಬಲ ಭಾಗವೆಂದರೆ ಕಂಪನಿಯ ಗುಣ-ದೋಷಗಳ ಪಟ್ಟಿ. ಅದನ್ನು ಬರೆಯುವುದು ಯಂತ್ರ. ಹಾಗೆಂದು ತಾಣವೇ ಕೆಳಗೆ ಸಣ್ಣಕ್ಷರದಲ್ಲಿ ಹೇಳುತ್ತದೆ. ಮಕ್ಕಳು ಅದನ್ನೇ ನಕಲು ಮಾಡಿ "ನಮ್ಮ ವಿಶ್ಲೇಷಣೆ" ಎಂದು ಅಂಟಿಸುತ್ತಾರೆ. ಶಿಕ್ಷಕರು ಮೊದಲ ದಿನವೇ ಇದನ್ನು ನಿಷೇಧಿಸಿ, ಪಟ್ಟಿಯ ಒಂದು ಸಾಲನ್ನು ಕೋಷ್ಟಕದ ಅಂಕಿಯಿಂದ ಪರೀಕ್ಷಿಸಲು ಹೇಳಲಿ. ಇನ್ನೊಂದು ಕೊರತೆ ಭಾಷೆಯದು. ಕನ್ನಡದಲ್ಲಿ ಪುಟವಿಲ್ಲ, ಆದ್ದರಿಂದ ಕನ್ನಡ ಮಾಧ್ಯಮದ ತರಗತಿಗೆ ಹತ್ತು-ಹದಿನೈದು ಪದಗಳ ಅರ್ಥವನ್ನು ಮೊದಲೇ ಹಂಚಬೇಕು.

ಬೆಲೆ ಕಡಿಮೆ ಇದ್ದರೆ ಷೇರು ಅಗ್ಗ ಎಂಬ ತಪ್ಪು ತಿಳಿವಳಿಕೆ ಬಹಳ ಗಟ್ಟಿ. 50 ರೂಪಾಯಿಯ ಷೇರು ದುಬಾರಿಯಾಗಿರಬಹುದು, ಲಕ್ಷ ದಾಟಿದ ಎಂಆರ್‌ಎಫ್ ಅಗ್ಗವಾಗಿರಬಹುದು. ಒಂದು ರೂಪಾಯಿ ಲಾಭಕ್ಕೆ ಎಷ್ಟು ರೂಪಾಯಿ ಕೊಡುತ್ತಿದ್ದೇವೆ ಎಂದು ಹೇಳುವುದು ಪಿ.ಇ. ಅನುಪಾತ. ಚಾರ್ಟ್‌ನಲ್ಲಿ ಬೆಲೆಯ ಬದಲು ಪಿ.ಇ. ಒತ್ತಿದರೆ ಹಲವು ವರ್ಷಗಳ ಮಟ್ಟವೂ ಕಾಣುತ್ತದೆ.

ಹಳೆಯ ಪತ್ರಿಕೆಯಲ್ಲಿನ ಬೆಲೆಗೂ ಈ ಚಾರ್ಟ್‌ಗೂ ತಾಳೆಯಾಗದಿದ್ದರೆ ಗಾಬರಿ ಬೇಡ. ಬೋನಸ್ (ಇರುವ ಷೇರುದಾರರಿಗೆ ಉಚಿತವಾಗಿ ಕೊಡುವ ಹೆಚ್ಚುವರಿ ಷೇರು), ಷೇರು ವಿಭಜನೆಗೆ (ಒಂದು ಷೇರನ್ನು ಹಲವಾಗಿ ಒಡೆಯುವುದು) ತಕ್ಕಂತೆ ಹಳೆಯ ಬೆಲೆಗಳನ್ನು ಇಳಿಸಿ ತೋರಿಸಲಾಗಿರುತ್ತದೆ. ಭಾರತ್ ಎಲೆಕ್ಟ್ರಾನಿಕ್ಸ್ 2022ರ ಸೆಪ್ಟೆಂಬರ್‌ನಲ್ಲಿ ಒಂದು ಷೇರಿಗೆ ಎರಡು ಬೋನಸ್ ಕೊಟ್ಟಿತು, ಹಾಗಾಗಿ ಅದಕ್ಕಿಂತ ಹಿಂದಿನ ಬೆಲೆಗಳು ಮೂರನೇ ಒಂದು ಭಾಗವಾಗಿ ಕಾಣುತ್ತವೆ. ಪ್ರಾಜೆಕ್ಟ್ ನಡೆಯುವಾಗಲೇ ಇಂಥದ್ದು ಬಂದರೆ ಎನ್‌ಎಸ್‌ಇ (ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ) ತಾಣದ ಕಾರ್ಪೊರೇಟ್ ಆ್ಯಕ್ಷನ್ಸ್ ಪುಟದಲ್ಲಿ ದಿನಾಂಕ ಖಚಿತಪಡಿಸಿಕೊಳ್ಳಿ.

ದಾಖಲೆಗೆ ಪ್ರತಿ ಶುಕ್ರವಾರದ ಮುಕ್ತಾಯದ ಬೆಲೆ ಸಾಕು, ಪಕ್ಕದಲ್ಲಿ 50 ದೊಡ್ಡ ಕಂಪನಿಗಳ ಷೇರುಗಳ ಏರಿಳಿತ ತೋರಿಸುವ ನಿಫ್ಟಿ 50 ಸೂಚ್ಯಂಕವನ್ನೂ ಬರೆಯಿರಿ. ಶುಕ್ರವಾರ ರಜೆಯಿದ್ದರೆ ಗುರುವಾರದ್ದು. ಉದಾಹರಣೆಗೆ 10,000 ಕಾಲ್ಪನಿಕ ರೂಪಾಯಿ ಇದೆ, ಷೇರಿನ ಬೆಲೆ 480 ಎಂದುಕೊಳ್ಳಿ. 20 ಷೇರಿಗೆ 9,600, ಉಳಿದ 400 ನಗದು. ಬೆಲೆ 504 ಆದಾಗ ಒಟ್ಟು 10,480. ಷೇರು ಏರಿದ್ದು ಶೇ 5, ನಮ್ಮ ಹಣ ಬೆಳೆದದ್ದು ಶೇ 4.8. ನಡುವೆ ಷೇರಿಗೆ 6 ರೂಪಾಯಿ ಲಾಭಾಂಶ (ಕಂಪನಿ ಷೇರುದಾರರಿಗೆ ಹಂಚುವ ಲಾಭದ ಪಾಲು) ಬಂದರೆ 120 ರೂಪಾಯಿಯನ್ನು ನಗದಿಗೆ ಸೇರಿಸಬೇಕು. ಚಾರ್ಟ್ ಆ ಹಣವನ್ನು ತೋರಿಸುವುದಿಲ್ಲ.